ಹಣೆಯಿಲ್ಲದ ಕಾರು

ಇಲ್ಲ, ರಾಜೇಸಾಬನ ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ. ಇನ್ನೆಷ್ಟು ಸಲ ಹೇಳಬೇಕು? ಆಕ್ಸಿಲರೇಟರ್ ಬಿಟ್ಟಿತ್ತು, ಬ್ರೇಕ್ ಮುಟ್ಟಿರಲಿಲ್ಲ, ಎರಡರ ನಡುವೆ ಗಾಳಿಯಲ್ಲಿ ನಿಂತಿತ್ತು. ಕಾರು ನಿಂತದ್ದು ತಾನಾಗಿಯೇ. ಹಾಗೆ ತಲೆ ಅಲ್ಲಾಡಿಸಬೇಡ. ಅದಿರಿನ ಧೂಳು ತಿಂದು ತಿಂದು ತೋರಣಗಲ್ಲಿನ ಕೋಳಿಗಳು ಕೆಂಪು ಮೊಟ್ಟೆ ಇಡತೊಡಗಿದ್ದವು ಅಂದೆ, ನೀನು ಕಣ್ಣು ಪಿಳುಕಿಸದೆ ನಂಬಿದೆ. ಕ್ಲೀನರ್ ಹುಲುಗಪ್ಪನ ಹೊಟ್ಟೆಯಲ್ಲಿ ಎಷ್ಟು ಕಬ್ಬಿಣ ಸೇರಿತ್ತೆಂದರೆ ಅಯಸ್ಕಾಂತ ಮಾರುವ ಅಂಗಡಿಯ ಮುಂದೆ ಹಾಯುವಾಗ ಅವನು ಪಕ್ಕದವರ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ ಅಂದೆ, ಅದನ್ನೂ ನಂಬಿದೆ. ನಾನು ಹೇಳಿದ್ದರಲ್ಲಿ ನಿಜವಾದದ್ದು ಇದೊಂದೇ. ಇದಕ್ಕೆ ಬಂದಾಗ ನಿನಗೆ ಅನುಮಾನ.

ಹೆದರಿ ಒತ್ತಿರಬೇಕು, ಒತ್ತಿದ್ದನ್ನು ಮರೆತಿರಬೇಕು ಅನ್ನುತ್ತೀಯ. ಬ್ರೇಕ್ ಒತ್ತಿದ್ದನ್ನು ಮರೆಯುವ ಮನುಷ್ಯನಲ್ಲ ರಾಜೇಸಾಬ್. ಅವನು ಎಂಥವನು ಅಂತ ಮೊದಲು ಕೇಳು, ಆಮೇಲೆ ನಗುವುದಾದರೆ ನಗು.

ಅವನು ಕುರುಗೋಡಿನವನು. ಅವನ ಅಪ್ಪ ಬಂಡಿ ಗಾಲಿಗಳಿಗೆ ಕಬ್ಬಿಣದ ಪಟ್ಟಿ ಕೂಡಿಸುತ್ತಿದ್ದ ಕಮ್ಮಾರ. ಪಟ್ಟಿ ಕೂಡಿಸಿದ ಬಂಡಿಯನ್ನು ಊರಾಚೆಗೆ ಓಡಿಸಿ ನೋಡುವಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುಂದಿನ ಬಂಡಿಗೂ ನಿನ್ನ ಎತ್ತುಗಳಿಗೂ ನಡುವೆ ಇನ್ನೊಂದು ಬಂಡಿ ಹಿಡಿಸುವಷ್ಟು ಜಾಗ ಬಿಡು ಎಂದು ಹೇಳಿಕೊಟ್ಟಿದ್ದ. ಎತ್ತುಗಳು ಹೋದವು, ಲಾರಿ ಬಂತು, ರಾಜೇಸಾಬ್ ಆ ಒಂದು ಬಂಡಿಯ ಜಾಗವನ್ನು ಮಾತ್ರ ಬಿಡಲಿಲ್ಲ. ಮೈನ್ಸ್ ಜೋರಾಗಿದ್ದ ಆ ದಿನಗಳಲ್ಲಿ ಗುಡ್ಡದಿಂದ ರೈಲಿನ ಯಾರ್ಡಿನವರೆಗೆ ಅದಿರಿನ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಮೂಗು ತಾಗಿಸಿಕೊಂಡು ಇರುವೆಗಳ ಹಾಗೆ ಹೋಗುತ್ತಿದ್ದವು. ಇವನು ಬಿಟ್ಟ ಜಾಗದಲ್ಲಿ ಇನ್ನೊಂದು ಲಾರಿ ನುಗ್ಗುತ್ತಿತ್ತು. ಇವನು ಅದರ ಹಿಂದೆ ಮತ್ತೆ ಜಾಗ ಬಿಡುತ್ತಿದ್ದ. ಅಲ್ಲಿ ಮತ್ತೊಂದು ನುಗ್ಗುತ್ತಿತ್ತು. ಹೀಗೆ ಜಾಗ ಬಿಡುತ್ತಾ ಬಿಡುತ್ತಾ ಒಂದು ದಿನ ಸಂಡೂರಿನಿಂದ ಹೊರಟವನು ಹಿಂದೆ ಹಿಂದೆ ಸರಿದು ಸಂಜೆಗೆ ಮತ್ತೆ ಸಂಡೂರನ್ನೇ ತಲುಪಿದನಂತೆ. ಡ್ರೈವರುಗಳೆಲ್ಲ ಅವನನ್ನು ಬಂಡಿ ರಾಜೇಸಾಬ್ ಎಂದು ಕರೆದರು. ಅವನಿಗೆ ಅದರಿಂದ ಬೇಸರವೇನೂ ಆಗಲಿಲ್ಲ.

ಬೇಸರ ಇದ್ದದ್ದು ಬಲಗಾಲಿನ ಮೊಣಕಾಲಿನ ಮೇಲೆ. ತುಂಬಿದ ಲಾರಿಯ ಬ್ರೇಕ್ ಒತ್ತುವುದೆಂದರೆ ಗಾಣ ತಿರುಗಿಸಿದ ಹಾಗೆ. ವರ್ಷಗಟ್ಟಲೆ ಒತ್ತಿ ಒತ್ತಿ ಆ ಮೊಣಕಾಲು ತುಕ್ಕು ಹಿಡಿದ ಬಾಗಿಲಿನ ಕೀಲಿನಂತಾಗಿತ್ತು. ಹತ್ತು ಸಲ ಹೇಳಿದ ಹಾಗೆ ಕೇಳಿ, ಹನ್ನೊಂದನೆಯ ಸಲ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಬರೀ ಒಂದು ಉಸಿರಿನಷ್ಟು ಹೊತ್ತು. ಆದರೆ ಡ್ರೈವರಿಗೆ ಒಂದು ಉಸಿರು ಎಂದರೆ ಏನು ಎನ್ನುವುದು ಡ್ರೈವರಿಗೇ ಗೊತ್ತು. ಮನೆಯಲ್ಲಿ ಹೆಂಡತಿ ಖಾತೂನ್ ಔಡಲೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಲಾರಿ ಬಿಡಿ, ಇಲ್ಲಾ ಡಾಕ್ಟರಿಗೆ ತೋರಿಸಿ ಅನ್ನುತ್ತಿದ್ದಳು. ಡಾಕ್ಟರಿಗೆ ತೋರಿಸಿದರೆ ಊರಿಗೇ ತೋರಿಸಿದಂತೆ ಎಂದು ಇವನ ಹಟ. ಆ ಮೊಣಕಾಲಿನ ಸುದ್ದಿ ಅವಳ ಹೊರತು ಮತ್ತೊಬ್ಬರಿಗೆ ಗೊತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಹಾಲಸಿದ್ದಪ್ಪ ಕಾರು ತಂದ. ಬಾದನಹಟ್ಟಿಯ ಹಾಲಸಿದ್ದಪ್ಪ ಮೆಣಸಿನಕಾಯಿ ಬೆಳೆಯುತ್ತಿದ್ದವನು, ಅದಿರು ಸಾಗಿಸಲು ಲಾರಿ ಕೊಂಡು, ಒಂದು ನಾಲ್ಕಾಗಿ ನಾಲ್ಕು ನಲವತ್ತಾಗಿ, ಬಳ್ಳಾರಿಯಲ್ಲಿ ಮನೆ ಕಟ್ಟಿದ್ದ. ರಾಜೇಸಾಬ್ ಓಡಿಸುತ್ತಿದ್ದದ್ದೂ ಅವನದೇ ಲಾರಿ. ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಫಾರಿನ್ ಕಾರುಗಳು ಎಷ್ಟಾಗಿದ್ದವೆಂದರೆ ಎಮ್ಮೆಗಳು ತಮಗೆ ಮಲಗಲು ಜಾಗವಿಲ್ಲವೆಂದು ಮುನಿಸಿಕೊಂಡು ರಸ್ತೆ ಬಿಟ್ಟು ಗಲ್ಲಿಗಳಿಗೆ ಹೋಗಿದ್ದವು. ಹಾಲಸಿದ್ದಪ್ಪನಿಗೂ ಒಂದು ಬೇಕಾಯಿತು. ಹಿಮ ಬೀಳುವ ಯಾವುದೋ ದೇಶದ ಕಾರು, ಬಿಳಿ ಬಣ್ಣ. ಅದಕ್ಕೆ ಡ್ರೈವರ್ ಯಾರು ಎಂಬ ಮಾತು ಬಂದಾಗ ಅವನ ತಾಯಿ ಕೊಟ್ರಬಸಮ್ಮ, ಆ ಗಾಲಿ ಪಟ್ಟಿಯವನ ಮಗನನ್ನು ಇಡು, ಅವನು ಯಾರಿಗೂ ತಾಗಿಸುವುದಿಲ್ಲ ಎಂದು ತೀರ್ಮಾನ ಕೊಟ್ಟಳು. ಲಾರಿಯ ಬ್ರೇಕಿನಿಂದ ಬಿಡುಗಡೆ ಸಿಕ್ಕಿತೆಂದು ರಾಜೇಸಾಬನ ಮೊಣಕಾಲು ಅವತ್ತು ತಾನೇ ಹಿಗ್ಗಿತು.

ಕಾರು ಒಪ್ಪಿಸಿಕೊಳ್ಳುವ ದಿನ ಶೋರೂಮಿನ ಹುಡುಗಿ ರಶ್ಮಿ ಎಲ್ಲವನ್ನೂ ವಿವರಿಸಿದಳು. ಅವಳು ನಮ್ಮ ಕಡೆಯವಳೇ, ಮಾತು ತಿಳಿಯುತ್ತಿತ್ತು. ಒಳಗಿನ ಕನ್ನಡಿಯ ಹಿಂದೆ, ಮುಂದಿನ ಗಾಜಿನ ಮೇಲ್ತುದಿಗೆ ಅಂಟಿಕೊಂಡಂತೆ, ಒಂದು ಸಣ್ಣ ಕಪ್ಪು ಡಬ್ಬಿ ಇದೆ, ಅದೇ ಈ ಕಾರಿನ ಕಣ್ಣು ಅಂದಳು. ಅದು ನಮಗೆ ಕಾಣದ ಬೆಳಕೊಂದನ್ನು ಮುಂದಕ್ಕೆ ಬಿಡುತ್ತಿರುತ್ತದೆ. ಆ ಬೆಳಕು ಮುಂದಿನ ಗಾಡಿಯ ಬೆನ್ನಿಗೆ ತಾಗಿ ತಿರುಗಿ ಬರುತ್ತದೆ. ಹೋಗಿ ಬರಲು ಹಿಡಿಯುವ ಹೊತ್ತು ಕಡಿಮೆಯಾಗುತ್ತಾ ಬಂದರೆ ನಡುವಿನ ಜಾಗ ಕಡಿಮೆಯಾಗುತ್ತಿದೆ ಎಂದು ಕಾರಿಗೆ ತಿಳಿಯುತ್ತದೆ. ಡ್ರೈವರ್ ಬ್ರೇಕ್ ಒತ್ತುವನೇ ಎಂದು ಅದು ಕಾಯುತ್ತದೆ, ಕಾಯುತ್ತಲೇ ಬ್ರೇಕನ್ನು ಹದ ಮಾಡಿ ಇಟ್ಟುಕೊಳ್ಳುತ್ತದೆ. ಇನ್ನು ಗುದ್ದುವುದೇ ಸೈ ಅನ್ನುವಾಗ ತಾನೇ ಒತ್ತಿಬಿಡುತ್ತದೆ. ಆದರೆ ಇದೆಲ್ಲ ಗಂಟೆಗೆ ಮೂವತ್ತು ಕಿಲೋಮೀಟರಿನೊಳಗೆ, ಪೇಟೆಯ ರಸ್ತೆಯಲ್ಲಿ ತೆವಳುವ ವೇಗದಲ್ಲಿ ಮಾತ್ರ. ಹದಿನೈದರೊಳಗಿದ್ದರೆ ಪೂರ್ತಿ ನಿಲ್ಲಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಪೆಟ್ಟು ಕಡಿಮೆಯಾಗಬಹುದು, ಅಷ್ಟೇ.

"ಮಂದಿ, ಎಮ್ಮಿ, ಆಡು ಇದಕ್ಕ ಕಾಣ್ಸಂಗಿಲ್ಲ ಅಂತಾನ ತಿಳ್ಕೊರ್ರಿ," ಅಂದಳು ರಶ್ಮಿ. "ಮತ್ತ ಇನ್ನೊಂದು. ಇದು ನಿಂದರಸ್ತೈತಿ, ಆದ್ರ ಹಿಡಕೊಂಡು ಕುಂದ್ರಂಗಿಲ್ಲ. ಎರಡು ಎಣಿಸೋದ್ರಾಗ ಬ್ರೇಕ್ ಬಿಟ್ಟುಬಿಡ್ತೈತಿ. ಹಿಡಿಯೋದು ನಿಮ್ಮ ಕೆಲಸ."

ಕಣ್ಣಿನ ಮುಂದಿನ ಗಾಜಿನ ಮೇಲೆ ಕೊಳೆ ಕೂರದಂತೆ ನೋಡಿಕೊಳ್ಳಿ, ಇದು ಆಟದ ಸಾಮಾನಲ್ಲ, ಬೇಕೆಂದೇ ಪರೀಕ್ಷೆ ಮಾಡಲು ಹೋಗಬೇಡಿ ಎಂದೂ ಹೇಳಿದಳು. ರಾಜೇಸಾಬ್ ಕೊಳೆಯ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಂಡ. ಆಟದ ಸಾಮಾನಿನ ಮಾತು ಹೇಳುವಾಗ ಹಾಲಸಿದ್ದಪ್ಪ ಫೋನಿನಲ್ಲಿದ್ದ. ಇಂಜಿನಿಯರಿಂಗ್ ಓದುತ್ತಿದ್ದ ಅವನ ಮಗ ಗವಿಸಿದ್ದೇಶ್ ಮಾತ್ರ ಎಲ್ಲ ಕೇಳಿ, ಅಪ್ಪನ ಕಡೆ ತಿರುಗಿ, ಬ್ರೇಕನ್ನೂ ಕಾರೇ ಒತ್ತುವುದಾದರೆ ಡ್ರೈವರ್ ಯಾಕಪ್ಪಾ, ನೀನೇ ಓಡಿಸು ಅಂದ. ಹಾಲಸಿದ್ದಪ್ಪ ನಕ್ಕ. ರಾಜೇಸಾಬನೂ ನಕ್ಕ, ಆದರೆ ಆ ಮಾತನ್ನು ಮರೆಯಲಿಲ್ಲ.

ಅಪ್ಪ ಮಗ ಪೂಜೆಯ ಸಾಮಾನು ತೆಗೆದುಕೊಂಡು ಹಳೆಯ ಜೀಪಿನಲ್ಲಿ ಬಾದನಹಟ್ಟಿಗೆ ಮುಂದೆ ಹೋದರು. ರಾಜೇಸಾಬ್ ಒಬ್ಬನೇ ಹೊಸ ಕಾರನ್ನು ಮದುಮಗಳನ್ನು ಕರೆತರುವ ಹಾಗೆ ತರುತ್ತಿದ್ದ. ನಿನ್ನ ಅನುಮಾನದ ಜಾಗ ಬಂತು, ನೋಡು. ಕೌಲ್ ಬಜಾರಿನ ಗದ್ದಲದಲ್ಲಿ ಅವನು ಎಂದಿನಂತೆ ಒಂದು ಬಂಡಿಯ ಜಾಗ ಬಿಟ್ಟುಕೊಂಡು ಬರುತ್ತಿದ್ದಾಗ ಒಂದು ಆಟೋ ಸರ್ರನೆ ಆ ಜಾಗಕ್ಕೆ ನುಗ್ಗಿತು, ನುಗ್ಗಿದ್ದೇ ಒಬ್ಬಳು ಮುದುಕಿಯನ್ನು ಹತ್ತಿಸಿಕೊಳ್ಳಲು ಗಕ್ಕನೆ ನಿಂತಿತು. ರಾಜೇಸಾಬನ ಕಾಲು ಎದ್ದಿತು. ಎದ್ದದ್ದು ಅರ್ಧಕ್ಕೆ ಸಿಕ್ಕಿಕೊಂಡಿತು. ಅದೇ ಹನ್ನೊಂದನೆಯ ಸಲ. ಆಟೋದ ಹಿಂದೆ ಬರೆದ ಅಕ್ಷರಗಳು ದೊಡ್ಡದಾಗುತ್ತಾ ಬಂದವು. ಅಷ್ಟರಲ್ಲಿ ಕೆಳಗೆ ಟರ್ರ್ ಎಂದು ಸದ್ದಾಯಿತು. ಸೀಟಿನ ಬೆಲ್ಟು ಅವನ ಎದೆಯನ್ನು ಯಾರೋ ಹಿಂದಕ್ಕೆ ಎಳೆದ ಹಾಗೆ ಹಿಡಿಯಿತು, ಕಾರು ಗಕ್ಕನೆ ನಿಂತಿತು. ಆಟೋಗೂ ಕಾರಿಗೂ ನಡುವೆ ಒಂದು ಗೇಣು. ಆಟೋದವನು ತಿರುಗಿ ಸಹ ನೋಡಲಿಲ್ಲ. ಮುದುಕಿ ಹತ್ತಿದಳು, ಆಟೋ ಹೋಯಿತು. ಕಾರು ಹಿಡಿತ ಬಿಟ್ಟು ಮುಂದಕ್ಕೆ ತೆವಳಿದಾಗ ಮೊಣಕಾಲು ಬಿಡಿಸಿಕೊಂಡಿತ್ತು, ಕಾಲು ಬ್ರೇಕಿಗೆ ಬಂದಿತ್ತು.

ರಾಜೇಸಾಬ್ ಕಾರನ್ನು ಬದಿಗೆ ಹಾಕಿ, ಇಳಿದು ಅದರ ಮೂಗನ್ನು ಅಂಗೈಯಿಂದ ಸವರಿ ನೋಡಿದ. ತನ್ನ ಗುಟ್ಟು ಕಾರಿಗೆ ಗೊತ್ತಾಯಿತು, ಕಾರು ಬಾಯಿ ಬಿಡುವುದಿಲ್ಲ ಎನ್ನುವ ಸಮಾಧಾನ ಒಂದು ಕಡೆ. ಇದು ಇಷ್ಟು ಚೆನ್ನಾಗಿ ನಿಲ್ಲುವುದಾದರೆ ಗವಿಸಿದ್ದೇಶ್ ಹೇಳಿದ್ದು ನಿಜವೇ, ನನ್ನ ಕೆಲಸ ಏನು ಎನ್ನುವ ಹೆದರಿಕೆ ಇನ್ನೊಂದು ಕಡೆ. ಖಾತೂನ್‌ಗೂ ಅವನು ಇದನ್ನು ಹೇಳಲಿಲ್ಲ.

ಬಾದನಹಟ್ಟಿಯಲ್ಲಿ ಪೂಜೆಯಾಯಿತು. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ತೆಂಗಿನಕಾಯಿ, ಹೂವಿನ ಹಾರ, ಎಲ್ಲ ಸರಿಯೇ. ಕೊಟ್ರಬಸಮ್ಮ ವಿಭೂತಿ ಕಲಸಿಕೊಂಡು ಬಂದವಳು ಕಾರಿನ ಮುಂದೆ ನಿಂತು ಯೋಚಿಸಿದಳು. ಮನೆಯ ಲಾರಿಗಳಿಗೆಲ್ಲ ಹಚ್ಚುವವಳು ಅವಳೇ. ಲಾರಿಗೆ ಗಾಜಿನ ಮೇಲೆ ಅಗಲವಾದ ಹಣೆ ಇರುತ್ತದೆ, ಅಲ್ಲಿ ದೇವರ ಹೆಸರು, ಅದರ ಪಕ್ಕ ಮೂರು ಪಟ್ಟೆ. ಈ ಕಾರಿಗೆ ಹಣೆಯೇ ಇಲ್ಲ. ಗಾಜು ಹಾಗೇ ಹಿಂದಕ್ಕೆ ಬಾಗಿ ಚಾವಣಿ ಸೇರುತ್ತದೆ. ಅವಳು ಒಂದು ಸ್ಟೂಲ್ ತರಿಸಿಕೊಂಡು ಹತ್ತಿ, ಗಾಜಿನ ಮೇಲ್ತುದಿಯ ನಟ್ಟ ನಡುವೆ ಮೂರು ಬೆರಳಿನಿಂದ ದಪ್ಪಗೆ ಮೂರು ಪಟ್ಟೆ ಎಳೆದು, ನಡುವೆ ಕುಂಕುಮ ಇಟ್ಟಳು. ಪ್ರತಿ ಸೋಮವಾರ ಅದರ ಮೇಲೆ ಹೊಸದು.

ಮರುದಿನದಿಂದ ಕಾರು ಒಂದು ರಗಳೆ ತೆಗೆಯಿತು. ಚಾಲೂ ಮಾಡಿದ ಕೂಡಲೇ ಸ್ಟೇರಿಂಗಿನ ಮುಂದೆ ಇಂಗ್ಲಿಷಿನಲ್ಲಿ ಒಂದು ಸಾಲು ಹೊತ್ತಿಕೊಳ್ಳುತ್ತಿತ್ತು. ಗವಿಸಿದ್ದೇಶ್ ಓದಿ, ಗಾಜು ಒರೆಸು ಅನ್ನುತ್ತಿದೆ ಅಂದ. ರಾಜೇಸಾಬ್ ಒರೆಸಿದ. ರಶ್ಮಿ ಹೇಳಿದ್ದು ನೆನಪಿತ್ತಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣ ಬಟ್ಟೆಯಲ್ಲಿ ಉಜ್ಜಿ, ಕೆಂಪು ಧೂಳಿನ ಒಂದು ಕಣ ಬಿಡದಂತೆ ಫಳಫಳ ಮಾಡಿದ. ವಿಭೂತಿಯನ್ನು ಮಾತ್ರ ಬಿಟ್ಟ. ಮದುಮಗನ ಬಾಸಿಂಗಕ್ಕೆ ತಾಗದಂತೆ ಮುಖ ಒರೆಸುವ ಹಾಗೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಪಟ್ಟೆಗಳ ಅಂಚಿನವರೆಗೂ ಹೋಗಿ ಅಲ್ಲಿಗೆ ನಿಲ್ಲಿಸಿದ. ಅಮ್ಮನ ಕೈಯಿಂದ ಹಚ್ಚಿದ್ದು, ಒರೆಸಲು ಅವನ್ಯಾರು? ಅದೂ ಅಲ್ಲದೆ, ವಿಭೂತಿಯನ್ನು ಕೊಳೆ ಎಂದು ಯಾರು ಲೆಕ್ಕ ಹಿಡಿಯುತ್ತಾರೆ? ಓದಿದ ಗವಿಸಿದ್ದೇಶನೂ ಹಿಡಿಯಲಿಲ್ಲ. ಮೂಗಿನ ಮುಂದೆಯೇ ಇತ್ತು, ಇಡೀ ಮನೆಯವರು ಕೈಮುಗಿದು ಕಾರು ಹತ್ತುತ್ತಿದ್ದರು. ಕಾರು ಮಾತ್ರ ದಿನವೂ ಗಾಜು ಒರೆಸು, ಗಾಜು ಒರೆಸು ಅನ್ನುತ್ತಲೇ ಇತ್ತು. ಹಿಮದ ದೇಶದ ಕಾರು, ನಮ್ಮ ಬಳ್ಳಾರಿಯ ಧೂಳು ಅದಕ್ಕೆ ಒಗ್ಗುತ್ತಿಲ್ಲ ಎಂದು ಎಲ್ಲರೂ ಸೇರಿ ತೀರ್ಮಾನಿಸಿ, ಆ ಸಾಲನ್ನು ನೋಡುವುದನ್ನೇ ಬಿಟ್ಟರು.

ಹಾಲಸಿದ್ದಪ್ಪ ಹೋದಲ್ಲೆಲ್ಲ ತಾನೇ ನಿಲ್ಲುವ ಕಾರಿನ ಸುದ್ದಿ ಹೇಳಿದ. ಸಿರುಗುಪ್ಪದಲ್ಲಿ ರೈಸ್ ಮಿಲ್ ಇಟ್ಟುಕೊಂಡಿದ್ದ ಅವನ ಬೀಗ ಮೈಲಾರಪ್ಪನಿಗೆ ಇದನ್ನು ಕೇಳಿ ಕೇಳಿ ಸಾಕಾಯಿತು. ಹಾಲಸಿದ್ದಪ್ಪನ ಹಿರಿಯ ಮಗನಿಗೆ ಮಗಳನ್ನು ಕೊಟ್ಟಿದ್ದರಿಂದ ಬಾಯಿ ಬಿಗಿ ಹಿಡಿದಿದ್ದವನು ಕೊನೆಗೆ, ಅದಿರಿನ ದುಡ್ಡಿಗೆ ಕಾರೂ ಬುದ್ಧಿ ಕಲಿಯುತ್ತದೇನೋ ಬೀಗರೇ, ಒಮ್ಮೆ ನಮ್ಮ ಮಿಲ್ಲಿನ ಅಂಗಳದಲ್ಲಿ ನಿಲ್ಲಿಸಿ ತೋರಿಸಿ ಎಂದುಬಿಟ್ಟ. ಅಷ್ಟು ಸಾಕಾಯಿತು. ತಾಯಿ, ಮಗ, ಎಲ್ಲರನ್ನೂ ಹತ್ತಿಸಿಕೊಂಡು ಹಾಲಸಿದ್ದಪ್ಪ ಸಿರುಗುಪ್ಪಕ್ಕೆ ಹೊರಟ. ದಾರಿಯ ಎರಡೂ ಕಡೆ ಭತ್ತ ತೆನೆ ಹಿಡಿದು ನಿಂತಿತ್ತು. ಅದನ್ನು ನೋಡುತ್ತಾ ಅವನು ಖುಷಿಯಿಂದಲೇ ಹೇಳಿದ:

"ರಾಜೇಸಾಬ್, ಇವತ್ತು ಬೀಗರ ಮುಂದ ನಾನ ಓಡಿಸಿ ತೋರಸ್ತೀನಿ. ಕಾರು ತಾನ ನಿಂತ್ರ ನಾಳಿಂದ ಡ್ರೈವರ್ ಬ್ಯಾಡ ನನಗ. ನಿನಗ ಹೊಸಾ ಲಾರಿ ಕೊಡ್ತೀನಿ, ಹತ್ತು ಗಾಲಿದು. ಹಳೇ ಕೈ ನೀನು, ಕಾರ್ನಾಗ ಕುಂತು ಯಾಕ ಮೆತ್ತಗಾಗ್ತಿ?"

ಅವನು ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದ. ಹತ್ತು ಗಾಲಿಯ ಲಾರಿಯ ಬ್ರೇಕನ್ನು ನೆನೆದೇ ರಾಜೇಸಾಬನ ಮೊಣಕಾಲು ಚುಳ್ ಅಂದಿತು. ಲಾರಿ ಹತ್ತಿದರೆ ಒಂದಲ್ಲ ಒಂದು ದಿನ ಯಾರನ್ನೋ ಕೊಲ್ಲುತ್ತೇನೆ, ಹತ್ತುವುದಿಲ್ಲ ಎಂದರೆ ಯಾಕೆಂದು ಹೇಳಬೇಕು. ಕಾರು ನಿಲ್ಲದಿರಲಿ ಎಂದು ಬೇಡಿಕೊಳ್ಳಲು ಬಾಯಿ ಬರಲಿಲ್ಲ, ನಿಲ್ಲಲಿ ಎಂದು ಬೇಡಿಕೊಳ್ಳಲು ಮನಸ್ಸು ಬರಲಿಲ್ಲ. ಸಿರುಗುಪ್ಪದ ಹತ್ತಿರದ ದೇಶನೂರು ದಾಟುವವರೆಗೂ ಅವನು ಏನನ್ನೂ ಬೇಡಿಕೊಳ್ಳದೆ ಗಾಡಿ ಓಡಿಸಿದ.

ಮಿಲ್ಲಿನ ಅಂಗಳದಲ್ಲಿ ಮೈಲಾರಪ್ಪ ಟ್ರ್ಯಾಕ್ಟರಿನ ಟ್ರೈಲರ್ ನಿಲ್ಲಿಸಿದ್ದ. ಅದರ ಹಿಂಬದಿಗೆ, ಕೆಂಪು ರಿಫ್ಲೆಕ್ಟರುಗಳು ಕಾಣುವಂತೆ ಬಿಟ್ಟು, ಭತ್ತದ ಹೊಟ್ಟಿನ ಚೀಲಗಳನ್ನು ಮೆತ್ತೆಯ ಹಾಗೆ ಕಟ್ಟಿಸಿದ್ದ. ನನ್ನ ಟ್ರೈಲರಿಗೆ ಏನೂ ಆಗಬಾರದಲ್ಲ ಅಂದ. ಹಮಾಲರು ಚೀಲ ಇಳಿಸಿ ಸಾಲಾಗಿ ನಿಂತರು. ಕೊಟ್ರಬಸಮ್ಮ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡಳು. ಗವಿಸಿದ್ದೇಶ್ ಮೊಬೈಲಿನಲ್ಲಿ ಚಿತ್ರ ಹಿಡಿಯಲು ಹಿಂದಿನ ಸೀಟಿನಲ್ಲಿ ಕೂತ. ಹಾಲಸಿದ್ದಪ್ಪ ಸ್ಟೇರಿಂಗ್ ಹಿಡಿದ. ರಾಜೇಸಾಬ್ ಮೊದಲ ಸಲ ಆ ಕಾರಿನಲ್ಲಿ ಎಡಗಡೆಯ ಸೀಟಿನಲ್ಲಿ ಕೂತ.

ಕಾರು ಗೋದಾಮಿನ ನೆರಳಿನಿಂದ ಬಿಸಿಲಿಗೆ ಬಂದು ಟ್ರೈಲರಿನ ಕಡೆ ತಿರುಗಿತು. ಇಳಿಹೊತ್ತಿನ ಬಿಸಿಲು ಎದುರಿನಿಂದ ಬರುತ್ತಿತ್ತು. ಬಲಗಡೆ ಕೂತಾಗ ಕನ್ನಡಿಯ ಮರೆಗಿರುತ್ತಿದ್ದ ಕಪ್ಪು ಡಬ್ಬಿ ಎಡಗಡೆಯಿಂದ ಚೆನ್ನಾಗಿ ಕಂಡಿತು. ಆ ಡಬ್ಬಿಯ ಮುಖದ ಮೇಲೆ ಮೂರು ನೆರಳಿನ ಪಟ್ಟೆಗಳು ಬಿದ್ದಿದ್ದವು. ರಾಜೇಸಾಬ್ ಗಾಜನ್ನು ನೋಡಿದ, ಡಬ್ಬಿಯನ್ನು ನೋಡಿದ, ಸ್ಟೇರಿಂಗಿನ ಮುಂದೆ ಗಾಜು ಒರೆಸು ಎಂದು ಹೊತ್ತಿಕೊಂಡಿದ್ದ ಸಾಲನ್ನು ನೋಡಿದ. ಮೂರು ತಿಂಗಳಿಂದ ಕಾರು ಕುರುಡಾಗಿತ್ತು. ತಾನು ದಿನವೂ ಅದರ ಕೆನ್ನೆ ತೊಳೆದು ಕಣ್ಣನ್ನು ಮಾತ್ರ ತೊಳೆಯದೆ ಬಿಟ್ಟಿದ್ದ.

ಸುಮ್ಮನಿದ್ದರೆ? ನಿಧಾನ ಹೋಗುತ್ತಿದೆ, ಎದುರಿಗೆ ಹೊಟ್ಟಿನ ಚೀಲ, ಯಾರಿಗೂ ಪೆಟ್ಟಾಗುವುದಿಲ್ಲ. ಕಾರಿಗೆ ಅವಮಾನವಾಗುತ್ತದೆ, ಸೀಟು ಉಳಿಯುತ್ತದೆ. ಈ ಯೋಚನೆ ಬಂದು ಹೋಗುವಷ್ಟರಲ್ಲಿ ನಡುವಿನ ಜಾಗ ಒಂದು ಬಂಡಿಗಿಂತ ಕಡಿಮೆಯಾಯಿತು. ಅಷ್ಟು ಕಡಿಮೆಯಾದ ಮೇಲೆ ಸುಮ್ಮನಿರಲು ಆ ಮನುಷ್ಯನಿಗೆ ಬರುತ್ತಿರಲಿಲ್ಲ.

"ಧಣೇರ, ಬ್ರೇಕ್ ಒತ್ರಿ. ಇದಕ್ಕ ಕಣ್ಣು ಕಾಣವಲ್ದು."

ಹಾಲಸಿದ್ದಪ್ಪ ನಕ್ಕು, ಹೆದರಬೇಡ, ಲಾರಿ ಚೆನ್ನಾಗಿರುವುದನ್ನೇ ಕೊಡುತ್ತೇನೆ ಅಂದ. ಆಗ ರಾಜೇಸಾಬನ ಬಲಗಾಲು, ತಡ ಮಾಡುವುದನ್ನೇ ಕಸುಬು ಮಾಡಿಕೊಂಡಿದ್ದ ಆ ಕಾಲು, ಅವನನ್ನು ಕೇಳದೆ ಎದ್ದು, ಬ್ರೇಕೇ ಇಲ್ಲದ ಎಡಗಡೆಯ ನೆಲವನ್ನು ಧಡ್ ಎಂದು ಒದ್ದಿತು. ಆ ಸದ್ದಿಗೆ ಬೆಚ್ಚಿ ಹಾಲಸಿದ್ದಪ್ಪನ ಕಾಲು ತಾನೂ ಬ್ರೇಕನ್ನು ಒದ್ದಿತು. ಕಾರು ಚೀಲಗಳಿಗೆ ಮೂಗು ತೂರಿಸಿ ನಿಂತಿತು. ಒಂದು ಚೀಲ ಒಡೆದು ಬಾನೆಟ್ಟಿನ ಮೇಲೆಲ್ಲ ಹೊಟ್ಟು ಸುರಿಯಿತು.

ಹಮಾಲರು ಚಪ್ಪಾಳೆ ತಟ್ಟಿದರು. ಗವಿಸಿದ್ದೇಶ್ ಹಿಂದಿನಿಂದ ಅಪ್ಪನ ಭುಜ ಕುಲುಕಿದ. ಹಾಲಸಿದ್ದಪ್ಪನಿಗೂ ತಾನು ಒತ್ತಿದ್ದು ನೆನಪಿರಲಿಲ್ಲ. ನೋಡು, ಒತ್ತಿದ್ದನ್ನು ಮರೆತವನು ಅವನು. ಮೀಸೆ ಸವರಿಕೊಳ್ಳುತ್ತಾ ಇಳಿದು ಬೀಗರ ಮುಂದೆ ನಿಂತ. ರಾಜೇಸಾಬ್ ಕೊನೆಗೆ ಇಳಿದು ಬಂದು ಮೆಲ್ಲಗೆ ಹೇಳಿದ:

"ಕಾರು ನಿಂತಿಲ್ರಿ ಧಣೇರ. ನೀವ ನಿಂದರಿಸಿದ್ರಿ."

ಮೈಲಾರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದರೆ ಇಷ್ಟು ದಿನ ಕಂಪನಿಯವರು ಬೀಗರ ಕಿವಿಗೆ ಹೂವಿಟ್ಟಿದ್ದರು, ತಾನೇ ನಿಲ್ಲುವ ಕಾರೂ ಇಲ್ಲ ಗೀರೂ ಇಲ್ಲ ಅಂದ. ಹಾಲಸಿದ್ದಪ್ಪನ ಮುಖ ಕೆಂಪಾಯಿತು. ಸೀಟು ಹೋಗುತ್ತದೆಂದು ಹೊಟ್ಟೆಕಿಚ್ಚಿಗೆ ಹೀಗೆ ಹೇಳುತ್ತಿದ್ದೀಯೇನು ಎಂದು ಕೇಳಿದ. ಕಾರು ನಿಲ್ಲುವುದು ನಿಜ, ಇವತ್ತು ನಿಲ್ಲುತ್ತಿರಲಿಲ್ಲ, ಅಷ್ಟೇ ಎಂದ ರಾಜೇಸಾಬ್.

"ನಿಜಾನಾ? ಮೂರು ತಿಂಗಳಿಂದ ನೀನ ಓಡಸಾಕ ಹತ್ತೀದಿ," ಅಂದ ಹಾಲಸಿದ್ದಪ್ಪ. "ಒಂದ್ಸಲನಾದ್ರೂ ನಿಂತಿದ್ದು ನೋಡೀಯೇನು? ಹೇಳು."

ಎಲ್ಲರೂ ರಾಜೇಸಾಬನ ಕಡೆ ತಿರುಗಿದರು. ಇಲ್ಲ ಎಂದರೆ ಕಾರು ಸುಳ್ಳಾಗುತ್ತದೆ, ಧಣಿ ಬೀಗರ ಮುಂದೆ ಸಣ್ಣವನಾಗುತ್ತಾನೆ, ತನ್ನ ಗುಟ್ಟು ಉಳಿಯುತ್ತದೆ. ಹೌದು ಎಂದರೆ ಯಾವಾಗ, ಎಲ್ಲಿ, ನಿನ್ನ ಕಾಲು ಆಗ ಎಲ್ಲಿತ್ತು ಎಂದು ಕೇಳುತ್ತಾರೆ. ರಾಜೇಸಾಬ್ ಬಾನೆಟ್ಟಿನ ಮೇಲಿನ ಹೊಟ್ಟನ್ನು ಅಂಗೈಯಿಂದ ಸವರಿ ಕೆಳಗೆ ಬೀಳಿಸಿದ.

"ನೋಡೀನ್ರಿ. ತಂದ ದಿನಾನ, ಕೌಲ್ ಬಜಾರ್‌ನ್ಯಾಗ. ನನ್ನ ಕಾಲು ಅರ್ಧಕ್ಕ ಸಿಕ್ಕೊಂತು. ಮೊಣಕಾಲು ಹಿಡಕೊಂತೈತಿ ನಂದು, ಭಾಳ ದಿನದಿಂದ. ಅವತ್ತು ಕಾರು ನಿಲ್ಲದಿದ್ರ ಆಟೋ ಹತ್ತಾಕ ಹತ್ತಿದ್ದ ಮುದುಕಿಗಿ ಏನಾಗ್ತಿತ್ತೋ ಏನೋ."

ಆಮೇಲೆ ಲಾರಿ ಓಡಿಸಲು ತನ್ನಿಂದ ಆಗುವುದಿಲ್ಲ ಎಂಬುದನ್ನೂ, ಗಾಜಿನ ಮೇಲಿನ ಪಟ್ಟೆಗಳ ನೆರಳು ಕಣ್ಣಿನ ಮೇಲೆ ಬಿದ್ದದ್ದನ್ನೂ ಹೇಳಿ ಮುಗಿಸಿದ. ಗವಿಸಿದ್ದೇಶ್ ಹೋಗಿ ಎಡಗಡೆಯ ಸೀಟಿನಲ್ಲಿ ಕೂತು ಕತ್ತೆತ್ತಿ ನೋಡಿದ, ಇಳಿದು ಬಂದು ಹೌದು ಎಂದು ತಲೆ ಆಡಿಸಿದ. ಸರಿ, ಒರೆಸಬೇಕು. ಒರೆಸುವವರು ಯಾರು? ಗವಿಸಿದ್ದೇಶ್ ಮೊಬೈಲ್ ನೋಡಿಕೊಂಡ. ಮೈಲಾರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಹಾಲಸಿದ್ದಪ್ಪ ಬಟ್ಟೆ ಹಿಡಿದು ತಾಯಿಯ ಮುಖ ನೋಡುತ್ತಾ ನಿಂತ.

ಕೊಟ್ರಬಸಮ್ಮ ಕುರ್ಚಿಯಿಂದ ಎದ್ದು ಬಂದಳು. ಕೈಯಲ್ಲಿ ನೀರಿನ ಲೋಟ.

"ಹಣಿ ಅಂತ ಹಚ್ಚಿದ್ನಲ್ಲೋ ನಾನು. ಕಣ್ಣಿಗಿ ಯಾರಾದ್ರೂ ಹಚ್ತಾರೇನು? ಅವತ್ತ ಹೇಳಬಾರ್ದಾ?"

"ನನಗೂ ಇವತ್ತ ಗೊತ್ತಾತ್ರಿ ಅಮ್ಮಾರ."

ಅವಳು ಸ್ಟೂಲ್ ತರಿಸಿ ಹತ್ತಿ, ಸೆರಗಿನ ತುದಿ ನೆನೆಸಿ, ಮೂರು ತಿಂಗಳ ಸೋಮವಾರಗಳನ್ನೆಲ್ಲ ಒಂದೊಂದಾಗಿ ಒರೆಸಿದಳು. ಇಳಿದು, ಈಗ ಹಣೆ ಎಲ್ಲಿದೆ ತೋರಿಸು ಎಂದು ರಾಜೇಸಾಬನನ್ನೇ ಕೇಳಿದಳು. ಅವನು ಕಾರನ್ನು ಒಂದು ಸುತ್ತು ಹಾಕಿ ಯೋಚಿಸಿ ಬಾನೆಟ್ಟಿನ ಮುಂತುದಿ ತೋರಿಸಿದ.

"ಅದು ಮೂಗಲ್ಲೇನೋ?"

"ಹಣಿ ಇಲ್ಲದ ಗಾಡಿರಿ ಅಮ್ಮಾರ. ಮೂಗಿಗಿ ಹಚ್ಚಿದ್ರೂ ದೇವರು ಬ್ಯಾಡ ಅನ್ನಂಗಿಲ್ಲ."

ಅವಳು ನಕ್ಕು ಅಲ್ಲಿಗೇ ಹಚ್ಚಿದಳು. ಒಡೆದ ಚೀಲ ಬದಲಾಯಿಸಿದರು. ಹಾಲಸಿದ್ದಪ್ಪ ಮತ್ತೆ ಸ್ಟೇರಿಂಗ್ ಹಿಡಿದ, ರಾಜೇಸಾಬ್ ಮತ್ತೆ ಎಡಗಡೆ ಕೂತ. ಚಾಲೂ ಮಾಡಿದಾಗ ಆ ಇಂಗ್ಲಿಷಿನ ಸಾಲು ಬರಲೇ ಇಲ್ಲ. ಹದಿನೈದು ದಾಟಿಸಬೇಡಿ, ಆಕ್ಸಿಲರೇಟರ್ ಬಿಟ್ಟುಬಿಡಿ, ಕೆಟ್ಟರೆ ಒತ್ತಲು ಕಾಲು ಹತ್ತಿರವೇ ಇರಲಿ ಎಂದು ರಾಜೇಸಾಬ್ ಹೇಳುತ್ತಾ ಹೋದ. ಟ್ರೈಲರ್ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಈ ಸಲ ಹಾಲಸಿದ್ದಪ್ಪನೇ ಕಣ್ಣು ಮುಚ್ಚಿಕೊಂಡ. ಟರ್ರ್ ಎಂದು ಕೆಳಗೆ ಸದ್ದಾಯಿತು. ಕಾರು ನಿಂತಿತು. ಚೀಲಕ್ಕೂ ಕಾರಿಗೂ ನಡುವೆ ಕೈ ತೂರುವಷ್ಟು ಜಾಗ.

ಅಂಗಳವೆಲ್ಲ ಕೂಗಿಕೊಂಡಿತು. ಹಾಲಸಿದ್ದಪ್ಪ ಎರಡೂ ಕೈ ಮೇಲೆತ್ತಿ ಹಿಂದಕ್ಕೆ ತಿರುಗಿ ಮಗನನ್ನು ನೋಡಿದ.

"ಒತ್ರಿ, ಈಗ ಒತ್ರಿ," ಅಂದ ರಾಜೇಸಾಬ್. "ಅದು ಬಿಡ್ತೈತಿ."

ಹೇಳಿದಂತೆ ಕಾರು ಬಿಟ್ಟಿತು, ಮೆಲ್ಲಗೆ ತೆವಳಿ ಚೀಲವನ್ನು ಮುಟ್ಟಲು ಹೊರಟಿತು. ಹಾಲಸಿದ್ದಪ್ಪ ತಿರುಗಿ ಒತ್ತಿದ. ಗಾಡಿ ಆಫ್ ಮಾಡುವವರೆಗೂ ಕಾಲು ತೆಗೆಯಲಿಲ್ಲ. ಕಾರು ನಿಲ್ಲಿಸಿದ್ದೂ ನಿಜ, ಪಕ್ಕದಲ್ಲಿ ಒಬ್ಬ ಹೇಳದಿದ್ದರೆ ಬೀಗರ ಮುಂದೆ ಎರಡನೆಯ ಚೀಲವೂ ಒಡೆಯುತ್ತಿತ್ತು ಎನ್ನುವುದೂ ನಿಜ. ಮೈಲಾರಪ್ಪ ಬಂದು ನೆಲಕ್ಕೆ ಕೈಯೂರಿ ಬಗ್ಗಿ ಕಾರಿನ ಕೆಳಗೆ ನೋಡಿದ, ಒಳಗೆ ಯಾರೋ ಅಡಗಿ ಕೂತು ಗಾಲಿ ಹಿಡಿದುಕೊಂಡಿದ್ದಾರೆ ಅನ್ನುವ ಹಾಗೆ. ಯಾರೂ ಇರಲಿಲ್ಲ. ನಿನ್ನ ಹಾಗೆಯೇ ಅವನೂ, ಕಂಡರೂ ನಂಬದವನು.

ಆಮೇಲೆ ತೀರ್ಮಾನ ಕೊಟ್ಟವಳು ಕೊಟ್ರಬಸಮ್ಮನೇ. ರಾಜೇಸಾಬ್ ನಾಳೆಯೇ ಬಳ್ಳಾರಿಯ ದೊಡ್ಡ ಡಾಕ್ಟರಿಗೆ ಕಾಲು ತೋರಿಸಬೇಕು, ಡಾಕ್ಟರು ಆಗಬಹುದು ಅನ್ನುವವರೆಗೆ ಸ್ಟೇರಿಂಗ್ ಮುಟ್ಟಬಾರದು.

"ಅಲ್ಲೀತನ ನೀ ಓಡಸು," ಎಂದು ಮಗನಿಗೆ ಹೇಳಿದಳು. "ಅಂವ ಪಕ್ಕ ಕುಂತು ಹೇಳ್ಲಿ. ಕಾರಿಗಿ ಒಂದು ಕಣ್ಣು ಐತಿ, ಅದು ಗಾಡಿ ಬೆನ್ನು ಅಷ್ಟ ನೋಡ್ತೈತಿ. ಉಳಿದಿದ್ದು ಇವನು ನೋಡ್ತಾನ."

ಹೀಗೆ ಬಳ್ಳಾರಿಯ ಜನ ಹಿಂದೆಂದೂ ಕಾಣದ್ದನ್ನು ಕಂಡರು. ನಲವತ್ತು ಲಾರಿಗಳ ಧಣಿ ಬೆವರು ಒರೆಸಿಕೊಳ್ಳುತ್ತಾ ಫಾರಿನ್ ಕಾರು ಓಡಿಸುತ್ತಿದ್ದ. ಎಡಗಡೆ ಕೂತ ರಾಜೇಸಾಬ್, ಜಾಗ ಬಿಡ್ರಿ ಧಣೇರ, ಇನ್ನೊಂದು ಬಂಡಿ ಹಿಡಿಸುವಷ್ಟು ಬಿಡ್ರಿ ಅನ್ನುತ್ತಿದ್ದ. ರಾಯಲ್ ಸರ್ಕಲ್ಲಿನಲ್ಲಿ ಹೊಸ ಪೊಲೀಸಿನವನೊಬ್ಬ, ಯಾವುದೋ ದೊಡ್ಡ ಮೈನ್ಸ್ ಓನರ್ ಇರಬೇಕೆಂದು ರಾಜೇಸಾಬನಿಗೆ ಸಲ್ಯೂಟ್ ಹೊಡೆದ. ಸಲ್ಯೂಟಿಗೆ ರಾಜೇಸಾಬ್ ತಲೆಬಾಗಿದ. ಹಾಲಸಿದ್ದಪ್ಪನೂ ಪಕ್ಕದಲ್ಲೇ ಕೂತು ನಗು ತಡೆಯಲಾರದೆ ಹಾರ್ನ್ ಒತ್ತಿದ.

ಡಾಕ್ಟರು ಕಾಲಿಗೆ ವ್ಯಾಯಾಮ ಹೇಳಿಕೊಟ್ಟರು. ಖಾತೂನ್ ಔಡಲೆಣ್ಣೆ ಬಿಟ್ಟು ಕೋಲು ಹಿಡಿದು ಎದುರಿಗೆ ಕೂತು ಮಾಡಿಸಿದಳು. ಚಳಿಗಾಲ ಕಳೆಯುವಷ್ಟರಲ್ಲಿ ಆ ಕೀಲು ಸಡಿಲವಾಯಿತು, ಡಾಕ್ಟರು ಕಾರು ಓಡಿಸಬಹುದು, ಲಾರಿ ಬೇಡ ಅಂದರು. ಅಷ್ಟರಲ್ಲಿ ರಾಜೇಸಾಬನಿಗೆ ಎಡಗಡೆಯ ಸೀಟೇ ಹಿಡಿಸಿಬಿಟ್ಟಿತ್ತು. ಮುಂದೆ ಮೈನ್ಸ್ ನಿಂತವು, ಲಾರಿಗಳು ಸಾಲಾಗಿ ಬಿಸಿಲಿಗೆ ನಿಂತವು, ಬಿಳಿ ಕಾರು ಯಾರದೋ ಪಾಲಾಯಿತು, ಹಾಲಸಿದ್ದಪ್ಪ ಮೆಣಸಿನಕಾಯಿಗೆ ವಾಪಸಾದ. ಆದರೆ ಮನೆಯ ಹಳೆಯ ಸಣ್ಣ ಕಾರೊಂದನ್ನು ಇಟ್ಟುಕೋ ಎಂದು ರಾಜೇಸಾಬನಿಗೆ ಬಿಟ್ಟುಕೊಟ್ಟ. ಅದರಲ್ಲಿ ಅವನು ಕುರುಗೋಡಿನಲ್ಲಿ ಡ್ರೈವಿಂಗ್ ಕಲಿಸತೊಡಗಿದ. ಮೊದಲು ಕಲಿತವಳು ಅವನ ಮಗಳು ಹುಮೇರಾ, ಆಮೇಲೆ ಅವಳ ಗೆಳತಿಯರು, ಆಮೇಲೆ ಊರು. ಆ ಕಾರಿಗೆ ಕಣ್ಣಿಲ್ಲ, ಬೆಳಕು ಬಿಡುವ ಡಬ್ಬಿಯಿಲ್ಲ. ಎಡಗಡೆ ರಾಜೇಸಾಬ್ ಇದ್ದಾನೆ, ಅವನ ಕಾಲ ಕೆಳಗೆ ಮೆಕ್ಯಾನಿಕ್ ಹಾಕಿಕೊಟ್ಟ ಇನ್ನೊಂದು ಬ್ರೇಕಿದೆ. ಈಗಲೂ ಬಳ್ಳಾರಿಯಲ್ಲಿ ಯಾರಾದರೂ ಮುಂದಿನ ಗಾಡಿಯ ಹಿಂದೆ ಒಂದು ಬಂಡಿಯ ಜಾಗ ಬಿಟ್ಟುಕೊಂಡು, ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದರೂ ಕದಲದೆ ಹೋಗುತ್ತಿದ್ದರೆ, ಕಿಟಕಿ ತಟ್ಟಿ ಕೇಳು. ಕುರುಗೋಡಿನಲ್ಲಿ ಕಲಿತದ್ದು ಅನ್ನುತ್ತಾರೆ.

ಈಗ ಒಪ್ಪಿದೆಯಾ? ಇನ್ನೂ ಇಲ್ಲವೇ? ಹಾಗಾದರೆ ಆ ಕೆಂಪು ಮೊಟ್ಟೆಯ ವಿಷಯಕ್ಕೇ ಬರೋಣ. ಆ ಮೊಟ್ಟೆ ಒಡೆದು ಹೊರಬಂದ ಮರಿ ಇತ್ತಲ್ಲ, ಅದು ನಡೆದರೆ ಯಾವಾಗಲೂ ಉತ್ತರ ದಿಕ್ಕಿಗೇ—

"ಮಾವಾರ, ಗ್ವಾಡಿ ಜತಿ ಮಾತಾಡಿದ್ದು ಸಾಕು ಬರ್ರಿ. ರೊಟ್ಟಿ ಆರಾಕ ಹತ್ಯಾವ, ಪುಂಡಿಪಲ್ಲೆ ಬಿಸಿ ಐತಿ."

ನಮ್ಮ ಸೊಸೆ ಜಡೆಮ್ಮ. ನೀನು ಬರೀ ಗೋಡೆಯಂತೆ, ಕೇಳಿದೆಯಾ? ಬಂದೆ ತಾಯಿ, ಬಂದೆ.